ಒಂದೇ ಕೋರಮಂಗಲ ಮೂರು ಸಲ ಬಂದರೆ: ಸರ್ಕಾರಿ ಡೇಟಾದಲ್ಲಿ ಕನ್ನಡ ಸರಿಪಡಿಸುವ ಕೆಲಸ

ವಾರ್ಡ್‌ವಾರು ದೂರುಗಳ ಹಾಳೆಗೆ ಪಿವಟ್ (ಹೆಸರುವಾರು ಮೊತ್ತ ತೆಗೆಯುವ ಎಕ್ಸೆಲ್ ಸೌಲಭ್ಯ) ಹಾಕಿದಾಗ ಕೋರಮಂಗಲ ಮೂರು ಸಾಲಿನಲ್ಲಿ ಬರುತ್ತದೆ. ಕಣ್ಣಿಗೆ ಮೂರೂ ಒಂದೇ. ಮೊತ್ತ ಮಾತ್ರ ಮೂರು ಪಾಲಾಗಿ, ಅತಿ ಹೆಚ್ಚು ದೂರು ಬಂದ ಜಾಗ ಪಟ್ಟಿಯ ಕೆಳಗೆ ಹೋಗಿ ಕೂತಿರುತ್ತದೆ. ಬೆಂಗಳೂರಿನ ಕಚೇರಿಗಳಿಂದ ಬರುವ ಎಕ್ಸೆಲ್ ಹಾಳೆಗಳನ್ನು ಸಾರ್ವಜನಿಕರಿಗೆ ಬಿಡುವ ಮುನ್ನ ಹೆಚ್ಚು ಹೊತ್ತು ಹಿಡಿಯುವುದು ಇದೇ ಕೆಲಸ.

ಇದರಿಂದ ತಪ್ಪಿಸಿಕೊಳ್ಳಲು ಹಲವರು ಕನ್ನಡದ ಕಾಲಂ ತೆಗೆದು ಇಂಗ್ಲಿಷ್ ಹೆಸರು ಮಾತ್ರ ಉಳಿಸುತ್ತಾರೆ. ಅದು ತಪ್ಪು. ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 4(4), ಮಾಹಿತಿ ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಕನ್ನಡದಲ್ಲಿ ದೂರು ಕೊಟ್ಟವರು ಅದನ್ನು ಕನ್ನಡದಲ್ಲೇ ಹುಡುಕಿ ನೋಡುವಂತಿರಬೇಕು.

ಒಂದೇ ಹೆಸರು ಹೀಗೆ ಒಡೆಯಲು ಮೊದಲ ಕಾರಣ ಸೊನ್ನೆ. ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿ ‘ಕೋರಮ೦ಗಲ’, ‘ಬೆ೦ಗಳೂರು’ ಎಂದು ಟೈಪ್ ಮಾಡಿರುತ್ತಾರೆ. ಎರಡನೆಯದು ‘ೋ’. ಇದು ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಲ್ಲಿ, ಒಂದೇ ಸಂಕೇತವಾಗಿಯೂ ಇರಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಇರಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದೇ ಇಲ್ಲ. ಯೂನಿಕೋಡ್‌ನ ಏಕರೂಪಗೊಳಿಸುವ ವಿಧಾನವಾದ ಎನ್‌ಎಫ್‌ಸಿ ನಾರ್ಮಲೈಸೇಷನ್ ಈ ಎರಡನೆಯದನ್ನು ಒಂದೇ ರೂಪಕ್ಕೆ ತರುತ್ತದೆ. ಸೊನ್ನೆಯನ್ನು ಮುಟ್ಟುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಅದು ನಿಜವಾದ ಅಂಕಿ. ಅಕ್ಷರದ ಬೆನ್ನಿಗೆ ಅಂಟಿಕೊಂಡ ‘೦’ ಅನ್ನು ಬೇರೆಯಾಗಿ ಹುಡುಕಿ ‘ಂ’ ಮಾಡಬೇಕು. ಹಿಂದೆ ಅಂಕಿ ಇದ್ದರೆ ಬಿಟ್ಟುಬಿಡಿ. ‘೧೦ನೇ ಅಡ್ಡರಸ್ತೆ’ ಸರಿಯಾಗಿಯೇ ಇದೆ.

ಇದಕ್ಕಿಂತ ತೊಡಕಿನದು ಅರ್ಕಾವತ್ತು. ಅದರ ಜಾಗದಲ್ಲಿ ಅಂಕಿ ಒಂಬತ್ತು ಹಾಕಿ ‘ವತೂ೯ರು’, ‘ವಾಡ್೯’ ಎಂದು ಬರೆದ ಹಾಳೆಗಳು ಬಹಳ. ಇಲ್ಲಿ ‘೯’ ಇದ್ದಲ್ಲೇ ‘ರ್’ ತುಂಬಿದರೆ ‘ವತೂರ್ರು’ ಆಗಿ ಇನ್ನೂ ಕೆಡುತ್ತದೆ. ಬರಹದಲ್ಲಿ ಅರ್ಕಾವತ್ತು ಅಕ್ಷರದ ನಂತರ ಕಂಡರೂ ಯೂನಿಕೋಡ್‌ನಲ್ಲಿ ‘ರ್’ ಮೊದಲು ಕೂರುತ್ತದೆ. ಹಾಗಾಗಿ ‘೯’ ತೆಗೆದು, ಅದರ ಹಿಂದಿನ ಇಡೀ ಅಕ್ಷರಕ್ಕಿಂತ, ಅಂದರೆ ಒತ್ತು, ಕಾಗುಣಿತ ಎಲ್ಲ ಸೇರಿದ ‘ತೂ’ಗಿಂತ, ಮೊದಲು ‘ರ್’ ತರಬೇಕು. ಆಗ ‘ವರ್ತೂರು’. ಹಳೆಯ ನುಡಿ ಫಾಂಟ್‌ನ ಕಡತವನ್ನು ಯೂನಿಕೋಡ್‌ಗೆ ತರಲು ಕಳಪೆ ಪರಿವರ್ತಕದಲ್ಲಿ ಹಾಕಿದಾಗ ‘ಕನರ್ಾಟಕ’ ಬರುವುದೂ ಇದೇ ಕ್ರಮ ತಪ್ಪುವುದರಿಂದಲೇ. ಪರಿವರ್ತಕವನ್ನು ಆರಿಸುವಾಗ ಮೊದಲು ಅರ್ಕಾವತ್ತಿನ ಪದಗಳನ್ನೇ ಕೊಟ್ಟು ಪರೀಕ್ಷಿಸಿ.

‘ಎಚ್‌ಎಸ್‌ಆರ್’ ಪದದ ನಡುವೆ ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆ ಇರಬಹುದು, ಇಲ್ಲದೆಯೂ ಇರಬಹುದು. ನೋಟ ಒಂದೇ, ಹೋಲಿಕೆ ಮಾತ್ರ ತಪ್ಪುತ್ತದೆ. ಹಾಗೆಂದು ಎಲ್ಲ ಕಡೆ ಅಳಿಸಿದರೆ ‘ರಾಜ್‌ಕುಮಾರ್ ರಸ್ತೆ’ ಹೋಗಿ ‘ರಾಜ್ಕುಮಾರ್ ರಸ್ತೆ’ ಆಗುತ್ತದೆ. ಆದ್ದರಿಂದ ಎರಡು ಕಾಲಂ ಇಡಿ. ಒಂದು ಓದುಗರಿಗೆ ತೋರಿಸುವ ಹೆಸರು. ಇನ್ನೊಂದು ಹೋಲಿಸಲು ಮಾತ್ರ: ಅದರಲ್ಲಿ ಆ ಚಿಹ್ನೆ, ಚುಕ್ಕೆ, ಖಾಲಿ ಜಾಗ ಯಾವುದೂ ಇರಬಾರದು. ‘ಎಚ್’ ಮತ್ತು ‘ಹೆಚ್’, ‘ಬಡಾವಣೆ’ ಮತ್ತು ‘ಲೇಔಟ್’ ಇಂಥವಕ್ಕೆ ಸೂತ್ರವಿಲ್ಲ. ಕೈಯಾರೆ ಒಂದು ಪರ್ಯಾಯ ಹೆಸರುಗಳ ಪಟ್ಟಿ ಕಟ್ಟಲೇಬೇಕು. ಒಮ್ಮೆ ಕಟ್ಟಿದರೆ ವರ್ಷಗಟ್ಟಲೆ ಬರುತ್ತದೆ.

ಹೆಸರಿನ ಬದಲು ವಾರ್ಡ್ ಸಂಖ್ಯೆಯನ್ನೇ ನಂಬೋಣ ಎಂದರೆ ಬೆಂಗಳೂರಿನಲ್ಲಿ ಅದೂ ಸಾಲದು. ಮೊದಲು 198 ವಾರ್ಡ್‌ಗಳ ಪಟ್ಟಿ, 2022ರಲ್ಲಿ 243, 2023ರಲ್ಲಿ 225, ಸೆಪ್ಟೆಂಬರ್ 2025ರಿಂದ ಐದು ನಗರ ಪಾಲಿಕೆಗಳು. ಒಂದೇ ಸಂಖ್ಯೆ ಬೇರೆ ಬೇರೆ ಪಟ್ಟಿಯಲ್ಲಿ ಬೇರೆ ಪ್ರದೇಶ. ಸಂಖ್ಯೆಯ ಪಕ್ಕದಲ್ಲಿ ‘ಯಾವ ಪಟ್ಟಿ’ ಎಂಬ ಕಾಲಂ ಇಲ್ಲದ ಹಾಳೆಯನ್ನು ಅದು ಬಂದ ಶಾಖೆಗೆ ವಾಪಸ್ ಕಳಿಸಿ. ಊಹಿಸಿ ತುಂಬಬೇಡಿ.

ಹಾಳೆಯನ್ನು ಸಿಎಸ್‌ವಿ (ಯಾವ ತಂತ್ರಾಂಶದಲ್ಲೂ ತೆರೆಯಬಹುದಾದ ಸರಳ ಪಠ್ಯ ಕಡತ) ಆಗಿ ಉಳಿಸುವಾಗ ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯನ್ನೇ ಒತ್ತಬೇಕು. ಬರೀ ‘ಸಿಎಸ್‌ವಿ’ ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಆ ಕಡತದಿಂದ ಮತ್ತೆ ಅಕ್ಷರ ಹುಟ್ಟುವುದಿಲ್ಲ. ಮೂಲ ಹಾಳೆಯ ನಕಲು ಬೇರೆ ಫೋಲ್ಡರ್‌ನಲ್ಲಿ ಇರಲಿ. ದಿನಾಂಕ 2025-04-03 ಎಂದು, ವರ್ಷ ಮೊದಲು. 03-04-2025 ಎಂದಿದ್ದರೆ ಕೆಲವು ಕಂಪ್ಯೂಟರ್‌ಗಳು ಮಾರ್ಚ್ 4 ಎಂದು ಓದುತ್ತವೆ. ಮೊತ್ತದಲ್ಲಿ ಅಲ್ಪವಿರಾಮ ಬೇಡ.

ಅದೇ ಅಂಕಿಅಂಶ ಸಾಮಾಜಿಕ ಜಾಲತಾಣಕ್ಕೆ ಹೋಗುವಾಗ ಸಾಮಾನ್ಯವಾಗಿ ಸಹಿ, ಮೊಹರಿನ ಪತ್ರದ ಫೋಟೊ ಆಗಿಬಿಡುತ್ತದೆ. ಫೋಟೊದೊಳಗಿನ ಕನ್ನಡವನ್ನು ದೃಷ್ಟಿದೋಷ ಇರುವವರ ಸ್ಕ್ರೀನ್ ರೀಡರ್ (ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಸಾಮಾನ್ಯವಾಗಿ ಓದದು. ಪತ್ರದ ಸಾರವನ್ನು ನಾಲ್ಕು ಸಾಲಿನಲ್ಲಿ ಟೈಪ್ ಮಾಡಿ ಪೋಸ್ಟ್‌ನಲ್ಲೇ ಹಾಕಿ, ಚಿತ್ರ ವಿವರಣೆಯ ಜಾಗವನ್ನೂ ತುಂಬಿ, ಮೂಲ ಕಡತದ ಕೊಂಡಿ ಕೊಡಿ. ಹತ್ತು ನಿಮಿಷದ ಕೆಲಸ.

ಬಿಡುಗಡೆಗೆ ಮುನ್ನ ಆ ಕಡತವನ್ನು ಕಚೇರಿಯ ಕಂಪ್ಯೂಟರ್‌ನಲ್ಲಿ ಅಲ್ಲ, ಯಾರದಾದರೂ ಮೊಬೈಲ್‌ನಲ್ಲಿ ತೆರೆಯಿರಿ. ಹುಡುಕುವ ಜಾಗದಲ್ಲಿ ‘ವರ್ತೂರು’, ‘ಕೋರಮಂಗಲ’ ಟೈಪ್ ಮಾಡಿ, ಸಿಕ್ಕ ಸಾಲುಗಳನ್ನು ವಾರ್ಡ್ ಸಂಖ್ಯೆಯಿಂದ ಎಣಿಸಿದ ಸಾಲುಗಳೊಂದಿಗೆ ತಾಳೆ ನೋಡಿ. ಒಂದು ಸಾಲು ಕಡಿಮೆಯಾದರೂ ಎಲ್ಲೋ ಒಂದು ‘೯’ ಅಥವಾ ‘೦’ ಇನ್ನೂ ಉಳಿದಿರಬಹುದು.