ಪಂಜರದ ಕೆಳಗಿನ ಫೋನು ಮತ್ತು ಒಂದು ಸೆಮಿನಾರ್

ಥೀಸಿಸ್ ಸಬ್ಮಿಷನ್‌ಗೆ ಮುಂಚಿನ ಆ ಸೆಮಿನಾರ್ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ನಮ್ಮ ಫಿಸಿಯಾಲಜಿ ವಿಭಾಗದ ಪಿಜಿ ಹುಡುಗಿಯೊಬ್ಬಳ ವಿಷಯ, ಮೊಬೈಲ್ ವಿಕಿರಣದಿಂದ ಕಲಿಕೆ ಕುಂದುತ್ತದೆಯೇ ಅನ್ನುವುದು. ವಿಸ್ಟಾರ್ ಎಂಬ ತಳಿಯ ಪ್ರಯೋಗಾಲಯದ ಇಲಿಗಳ ಪಂಜರದ ಕೆಳಗೆ ಫೋನಿಟ್ಟು ಮಿಸ್ಡ್ ಕಾಲ್ ಕೊಡುವುದು, ಆಮೇಲೆ ವಾಟರ್ ಮೇಜ್, ಅಂದರೆ ನೀರಿನ ತೊಟ್ಟಿಯಲ್ಲಿ ಈಜುತ್ತಾ ಅಡಗಿಸಿಟ್ಟ ಪ್ಲಾಟ್‌ಫಾರ್ಮ್ ಹುಡುಕುವ ನೆನಪಿನ ಪರೀಕ್ಷೆ. ಫೋನಿಗೆ ಒಡ್ಡಿದ ಎಕ್ಸ್‌ಪೋಸ್ಡ್ ಗುಂಪಿಗೆ ಪ್ಲಾಟ್‌ಫಾರ್ಮ್ ಸಿಗುವುದು ತಡವಾಯಿತು. ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ಅರೆದು ಮಾಡಿದ ಹೋಮೋಜಿನೇಟ್‌ನಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಕೂಡ ಬದಲಾಗಿತ್ತು. ವಿಭಾಗದ ಮುಖ್ಯಸ್ಥರು ಆಗಲೇ ಪತ್ರಿಕೆಯವರನ್ನು ಕರೆಸುವ ಮಾತಾಡುತ್ತಿದ್ದರು.

ಆದರೆ ಫೋನುಗಳು ವೈಬ್ರೇಷನ್ ಮೋಡ್‌ನಲ್ಲಿದ್ದವು. ಹೋಲಿಕೆಗೆಂದು ಇಟ್ಟ ಕಂಟ್ರೋಲ್ ಪಂಜರದ ಕೆಳಗೆ ಫೋನೇ ಇರಲಿಲ್ಲ. ಹಗಲೆಲ್ಲ ನೆಲ ಗುರುಗುಟ್ಟಿದರೆ ಇಲಿಗೆ ಒತ್ತಡ ಆಗದೇ ಇರುತ್ತದೆಯೇ? ಒತ್ತಡವೊಂದೇ ಸಾಕು, ಆ ಕಿಣ್ವ ಏರುಪೇರಾಗುತ್ತದೆ. ಆ ಕಿಣ್ವವನ್ನು ಅಳೆಯಲು 412 ನ್ಯಾನೊಮೀಟರ್‌ನಲ್ಲಿ ಓದುವ ಎಲ್ಮನ್ ಅಸ್ಸೇ ಎಂಬ ಪರೀಕ್ಷೆಯ ಹಳದಿ ಬಣ್ಣ ಕಾರಣ ಯಾವುದೆಂದು ಹೇಳುವುದಿಲ್ಲ. ಎಥಿಕ್ಸ್ ಕಮಿಟಿಯಿಂದ ಪ್ರಯೋಗದ ಯೋಜನೆಗೆ ಅಮೆಂಡ್‌ಮೆಂಟ್ ಮಾಡಿಸಿ ಇನ್ನೊಂದು ಗುಂಪು ಸೇರಿಸಿದೆವು: ಫೋನು ಫ್ಲೈಟ್ ಮೋಡ್‌ನಲ್ಲಿ, ಅಲಾರಂ ಇಟ್ಟು ಬರೀ ವೈಬ್ರೇಷನ್. ವಿಡಿಯೊ ನೋಡಿ ಸಮಯ ಬರೆದುಕೊಳ್ಳುವವರಿಗೆ ಯಾವುದು ಯಾವ ಗುಂಪೆಂದು ಹೇಳಿರಲಿಲ್ಲ. ಕೋಡ್ ಬಿಚ್ಚಿದಾಗ ಆ ಇಲಿಗಳೂ ಅಷ್ಟೇ ತಡಮಾಡಿದ್ದವು.

ಇದನ್ನು ಕೇಳಿ ಎಲ್ಲರಿಗೂ ಸಮಾಧಾನವಾಗುತ್ತದೆ, ಒಂದು ದೊಡ್ಡ ತಪ್ಪು ಅಚ್ಚಾಗುವುದು ತಪ್ಪಿತಲ್ಲ ಎಂದು ನಾನು ಭಾವಿಸಿದ್ದೆ. ಸೆಮಿನಾರ್‌ನಲ್ಲಿ ಆ ಹೊಸ ಗುಂಪಿನ ಸ್ಲೈಡ್ ಬಂದ ಕೂಡಲೇ ಸಭೆ ಮೌನವಾಯಿತು. ಮುಖ್ಯಸ್ಥರು ನನ್ನ ಕಡೆ ನೋಡಲೂ ಇಲ್ಲ. ನೇರ ಹುಡುಗಿಗೇ ಕೇಳಿದರು: "ಯಾವುದಮ್ಮ ನಿನ್ನ ಡೇಟಾ? ಹಳೆಯದೋ, ಇದೋ?" ಅವಳ ಪದವಿ ಅವರ ಸಹಿಯ ಮೇಲೆ ನಿಂತಿತ್ತು. ಪಾಯಿಂಟರ್‌ನ ಕೆಂಪು ಚುಕ್ಕೆ ಗೋಡೆಯ ಮೇಲೆ ನಡುಗುತ್ತಿತ್ತು. ನಾನು ಬಾಯಿ ಹಾಕಿದರೆ ಅವಳಿಗೇ ಪೆಟ್ಟು ಎಂದು ತುಟಿ ಕಚ್ಚಿ ಕೂತೆ. ಕೊನೆಗೆ ಅವಳು, "ಎರಡೂ ನಂದೇ ಸರ್. ಎರಡನ್ನೂ ಬರೀತೀನಿ" ಅಂದಳು.

ಈ ಕ್ಷೇತ್ರದಲ್ಲಿ ಇದು ಹೊಸದೇನಲ್ಲ. 1994ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ಲೈ, 2450 ಮೆಗಾಹರ್ಟ್ಸ್ ಅಲೆಗೆ ಒಡ್ಡಿದ ಇಲಿಗಳು ಮೇಜ್‌ನಲ್ಲಿ ಹೆಚ್ಚು ತಪ್ಪುತ್ತವೆ ಎಂದು ತೋರಿಸಿದ್ದರು. 2004ರಲ್ಲಿ ಬೇರೆ ಎರಡು ತಂಡಗಳು ಮತ್ತೆ ಮಾಡಿ ನೋಡಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಮಿದುಳಿಗೆ ಏನೂ ಆಗುವುದೇ ಇಲ್ಲ ಎಂದು ಹೇಳುವಂತಿಲ್ಲ. 2011ರಲ್ಲಿ ನೋರಾ ವೋಲ್ಕೋವ್ ತಂಡ 47 ಜನರ ಕಿವಿಗೆ 50 ನಿಮಿಷ ಫೋನಿಟ್ಟು, ಮಿದುಳಿನ ಗ್ಲೂಕೋಸ್ ಬಳಕೆ ತೋರಿಸುವ ಪೆಟ್ (PET) ಸ್ಕ್ಯಾನ್ ಮಾಡಿದಾಗ, ಆಂಟೆನಾ ಪಕ್ಕದ ಭಾಗದಲ್ಲಿ ಗ್ಲೂಕೋಸ್ ಬಳಕೆ ಸುಮಾರು 7 ಶೇಕಡಾ ಹೆಚ್ಚಿತ್ತು. ಅಲ್ಲಿ ಕರೆ ನಡೆಯುತ್ತಿದ್ದರೂ ಫೋನು ಮ್ಯೂಟ್ ಆಗಿತ್ತು. ಆ ಎಚ್ಚರ ನಮ್ಮಲ್ಲಿ ಬೇಕಿತ್ತು.

ನಮ್ಮಲ್ಲಿ ಡೋಸ್ ಕೂಡ ಅಳೆದಿಲ್ಲ. ಸಿಗ್ನಲ್ ಚೆನ್ನಾಗಿದ್ದರೆ ಫೋನು ತನ್ನ ಪವರ್ ತಾನೇ ಇಳಿಸಿಕೊಳ್ಳುತ್ತದೆ, ಇಲ್ಲವಾದರೆ ಏರಿಸುತ್ತದೆ. ನಮ್ಮ ಅನಿಮಲ್ ಹೌಸ್ ಇರುವುದು ನೆಲಮಾಳಿಗೆಯಲ್ಲಿ. ಇಲಿಗಳಿಗೆ ಎಷ್ಟು ತಲುಪಿತೆಂದು ಯಾವ ಮುಖದಿಂದ ಬರೆಯುವುದು? ಫೋನಿನ ಅಲೆಗಳನ್ನು ಅಳೆಯುವ ಆರ್‌ಎಫ್ ಮೀಟರಿಗೆ ಹಾಕಿದ ಇಂಡೆಂಟ್ (ಖರೀದಿ ಬೇಡಿಕೆ) ಇನ್ನೂ ಅಕೌಂಟ್ಸ್ ಸೆಕ್ಷನ್ನಿನಲ್ಲೇ ಇದೆ. ಈ ವರ್ಷ ಇದೇ ವಿಷಯಕ್ಕೆ ಮತ್ತೊಂದು ಸಿನಾಪ್ಸಿಸ್ (ಥೀಸಿಸ್‌ನ ಪ್ರಸ್ತಾವ) ಬಂದಿದೆ. ಶಾಮ್ (sham) ಗುಂಪು, ಅಂದರೆ ಫೋನು ಇದ್ದೂ ವಿಕಿರಣ ಇಲ್ಲದ ಗುಂಪು, ಸೇರಿಸುವ ತನಕ ಸಹಿ ಹಾಕುವುದಿಲ್ಲ ಎಂದು ಬರೆದು ವಾಪಸ್ ಕಳಿಸಿದ್ದೇನೆ.