ಟ್ಯಾಂಕಿನ ಸಿಕ್ಲಿಡ್ ಮೀನನ್ನು ಬೇಸಿಗೆಗೆ ಕೊಳಕ್ಕೆ ಬಿಡಬಹುದಾ?

ಬೇಸಿಗೆ ಹತ್ತಿರ ಬಂತು ಅಂದರೆ ನನ್ನನ್ನು ಕೇಳುವವರು ಶುರುವಾಗುತ್ತಾರೆ. ‘ನಮ್ಮ ಆಸ್ಕರ್ ಟ್ಯಾಂಕಿನಲ್ಲಿ ತಿರುಗೋಕೂ ಜಾಗ ಸಾಲದಷ್ಟು ಬೆಳೆದಿದೆ. ಹೊರಗಡೆ ಕೊಳ ಇದೆ. ಎರಡು ಮೂರು ತಿಂಗಳು ಅಲ್ಲಿ ಬಿಡಲಾ?’ ಕೆಲವರದು ಆಸ್ಕರ್, ಕೆಲವರದು ಕಾನ್ವಿಕ್ಟ್, ಇನ್ನು ಕೆಲವರದು ಜ್ಯಾಕ್ ಡೆಂಪ್ಸಿ. ಎಲ್ಲವೂ ಸಿಕ್ಲಿಡ್ ಅನ್ನುವ ಒಂದೇ ಕುಟುಂಬದ ಮೀನುಗಳು, ಪ್ರಶ್ನೆಯೂ ಅದೇ.

ಬಿಡಬಹುದು. ನಾನೂ ಬಿಟ್ಟಿದ್ದೇನೆ. ಆದರೆ ಹೂಂ ಅನ್ನುವ ಮೊದಲು ನಾನು ತಿರುಗಿ ಒಂದು ಮಾತು ಕೇಳುತ್ತೇನೆ: ಬೆಳಗಿನ ಜಾವ ಐದು ಗಂಟೆಗೆ ನಿಮ್ಮ ಕೊಳದ ನೀರು ಎಷ್ಟು ಡಿಗ್ರಿ ಇರುತ್ತದೆ?

ಇದಕ್ಕೆ ಥಟ್ಟನೆ ಉತ್ತರ ಕೊಟ್ಟವರು ಕಡಿಮೆ. ಎಲ್ಲರೂ ಮಧ್ಯಾಹ್ನ ಕೈ ಅದ್ದಿ ನೋಡಿರುತ್ತಾರೆ. ‘ಬೆಚ್ಚಗಿದೆ ಬಿಡಿ’ ಅನ್ನುತ್ತಾರೆ. ಬಿಸಿಲಿನಲ್ಲಿ ಮೇಲಿನ ನಾಲ್ಕು ಬೆರಳು ನೀರು ಬೆಚ್ಚಗೇ ಇರುತ್ತದೆ. ಮೀನು ಇರುವುದು ಅದರ ಕೆಳಗೆ. ಅದು ದಿನಕ್ಕೆ ಇಪ್ಪತ್ತನಾಲ್ಕು ಗಂಟೆಯೂ ಅಲ್ಲೇ ಇರಬೇಕು, ಅಲ್ವಾ?

ನಾನು ಮಾಡುವುದು ಇಷ್ಟೇ. ಥರ್ಮಾಮೀಟರಿಗೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ, ಕೊಳದ ತಳಕ್ಕೆ ಇಳಿಬಿಡುತ್ತೇನೆ. ಹತ್ತು ದಿನ, ಸೂರ್ಯ ಹುಟ್ಟುವ ಮೊದಲು ಎದ್ದು ಮೇಲೆಳೆದು ಓದುತ್ತೇನೆ. ಹತ್ತೂ ದಿನ 22 ಡಿಗ್ರಿಗಿಂತ ಕೆಳಗೆ ಹೋಗಿಲ್ಲ ಅಂದರೆ ಮುಂದಿನ ಮಾತು. ಒಂದು ದಿನ ತಪ್ಪಿದರೂ ಇನ್ನೊಂದು ವಾರ ಕಾಯುತ್ತೇನೆ. ಆಸ್ಕರ್ ಅಮೆಜಾನ್ ಕಡೆಯ ಮೀನು. ನೀರು 20 ಡಿಗ್ರಿಗಿಂತ ತಣ್ಣಗಾದರೆ ಮಂಕಾಗುತ್ತದೆ, ಊಟ ಬಿಡುತ್ತದೆ. 13ರ ಆಸುಪಾಸಿಗೆ ಇಳಿದರೆ ಸತ್ತೇ ಹೋಗುತ್ತದೆ. ಕೊಳದಲ್ಲಿ ಹೀಟರ್ ಇಲ್ಲ. ನೀರು ಜಾಸ್ತಿ ಇದ್ದಷ್ಟೂ ಹಗಲು ರಾತ್ರಿಯ ಏರಿಳಿತ ಕಡಿಮೆ. ಹಾಗಾಗಿ ಒಂದಡಿ ಆಳದ ಅಲಂಕಾರದ ತೊಟ್ಟಿಗೆ ನಾನು ಒಪ್ಪುವುದಿಲ್ಲ. ಎರಡರಿಂದ ಮೂರು ಅಡಿ ಆಳ ಇರಲಿ, ಒಂದು ಬದಿಗಾದರೂ ನೆರಳು ಇರಲಿ.

ಎಲ್ಲ ಸಿಕ್ಲಿಡ್‌ಗೂ ಇದೇ ಲೆಕ್ಕ ಅಲ್ಲ. ಡಿಸ್ಕಸ್‌ಗೆ 28 ಡಿಗ್ರಿ ಬೇಕು, ಅದನ್ನು ಒಳಗೇ ಇಟ್ಟುಕೊಳ್ಳಿ. ಟೆಕ್ಸಾಸ್ ಸಿಕ್ಲಿಡ್ ಇದಕ್ಕೆ ತದ್ವಿರುದ್ಧ, ಚಳಿಯನ್ನು ಸಾಕಷ್ಟು ತಡೆಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಹಜವಾಗಿ ಇರುವ ಸಿಕ್ಲಿಡ್ ಅದೊಂದೇ. ಉರುಗ್ವೆ ಕಡೆಯ ಜಿಮ್ನೊಜಿಯೋಫೇಗಸ್‌ಗೆ ವರ್ಷದಲ್ಲಿ ಕೆಲವು ತಿಂಗಳು ತಣ್ಣನೆಯ ನೀರೇ ಬೇಕು. ಕೊಳಕ್ಕೆ ಅಂತಲೇ ಹುಟ್ಟಿದ ಮೀನು ಅದು. ಮಲಾವಿ ಸರೋವರದ ಮೀನುಗಳಿಗೆ ಗಡಸು ನೀರು ಬೇಕು. ಜೋರು ಮಳೆ ಬಿದ್ದು ಕೊಳ ತುಂಬಿದರೆ ಆ ಗಡಸುತನ ಒಂದೇ ರಾತ್ರಿಗೆ ಕಡಿಮೆಯಾಗುತ್ತದೆ.

ಬೆಳಗಿನ ಜಾವ ಅಂತ ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಕಲಿತದ್ದು ಮೀನನ್ನು ಇನ್ನೇನು ಕಳೆದುಕೊಳ್ಳುತ್ತೇನೆ ಅನ್ನುವ ಹೊತ್ತಿಗೆ. ಮೊದಲ ವರ್ಷ ಕೊಳದ ನೀರು ಬಟಾಣಿ ಸಾರಿನ ಹಾಗೆ ಹಸಿರಾಗಿತ್ತು. ಪಾಚಿ ಆಮ್ಲಜನಕ ಕೊಡುತ್ತದೆ, ಒಳ್ಳೆಯದೇ ಅಂದುಕೊಂಡು ಸುಮ್ನಿದ್ದೆ. ಒಂದು ಸೆಕೆಯ ರಾತ್ರಿ ಕಳೆದು ಬೆಳಿಗ್ಗೆ ಹೋಗಿ ನೋಡಿದರೆ ಆಸ್ಕರ್ ಮೂಲೆಯಲ್ಲಿ ಮೂತಿ ಮೇಲೆ ಮಾಡಿ ನಿಂತಿದೆ. ತುಟಿ ನೀರಿನ ಮೇಲೆ, ಕಿವಿರು ಪಟಪಟ ಬಡಿಯುತ್ತಿದೆ. ನಾನು ಹತ್ತಿರ ಹೋದರೂ ಕದಲಲಿಲ್ಲ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ ನಿಜ, ರಾತ್ರಿ ಅದೂ ಉಸಿರಾಡುತ್ತದೆ. ಸಂಜೆ ಉಳಿದಿದ್ದನ್ನು ಇರುಳಿಡೀ ಮೀನೂ ಪಾಚಿಯೂ ಸೇರಿ ಖರ್ಚು ಮಾಡಿ, ಸೂರ್ಯ ಹುಟ್ಟುವ ಹೊತ್ತಿಗೆ ಗಲ್ಲಾಪೆಟ್ಟಿಗೆ ಖಾಲಿ. ಬೆಚ್ಚಗಿನ ನೀರು ಹಿಡಿದುಕೊಳ್ಳುವ ಆಮ್ಲಜನಕವೂ ಕಡಿಮೆಯೇ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಅವತ್ತು ಬಕೆಟ್ಟಿನಲ್ಲಿ ಕೊಳದ ನೀರನ್ನೇ ಮೊಗೆದು ಮೇಲಿನಿಂದ ಸುರಿಯುತ್ತಾ ಅರ್ಧ ಗಂಟೆ ನಿಂತೆ. ಮೀನು ಉಳಿಯಿತು. ಅಂದಿನಿಂದ ರಾತ್ರಿಯಿಡೀ ಏರ್ ಪಂಪ್ ಓಡುತ್ತದೆ. ಕೆಲವರು ಕರೆಂಟ್ ಉಳಿಸಲು ರಾತ್ರಿ ಆಫ್ ಮಾಡಿ ಹಗಲು ಹಾಕುತ್ತಾರೆ. ಆಫ್ ಮಾಡಲೇಬೇಕು ಅಂದರೆ ಹಗಲು ಮಾಡಿ.

ಸಂಜೆಯ ಕಷ್ಟ ಬೇರೆ. ಪಾಚಿ ಜಾಸ್ತಿ ಇರುವ ಕೊಳದಲ್ಲಿ ಬಿಸಿಲು ಏರಿದ ಹಾಗೆ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ; 7 ಅಂದರೆ ಎರಡೂ ಅಲ್ಲ) ಕೂಡ ಏರುತ್ತದೆ, ಸಂಜೆ ಹೊತ್ತಿಗೆ 9 ಮುಟ್ಟುವುದೂ ಉಂಟು. ಮೀನಿನ ಕೊಳೆಯಿಂದ ನೀರಿಗೆ ಸೇರುವ ಅಮೋನಿಯಾ ಎಲ್ಲವೂ ವಿಷ ಅಲ್ಲ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಅದರ ವಿಷದ ಭಾಗ ನೂರಕ್ಕೆ ಒಂದೂ ಇರುವುದಿಲ್ಲ. ಅದೇ ನೀರಿನ ಪಿಎಚ್ 9 ಆದರೆ ಮೂರನೇ ಒಂದು ಪಾಲು ದಾಟುತ್ತದೆ. ಹೊಸ ಕೊಳದಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲ. ಅದಕ್ಕೇ ಟ್ಯಾಂಕಿನಲ್ಲಿ ಓಡಿ ಪಳಗಿದ, ಆ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವ ಸ್ಪಾಂಜ್ ಫಿಲ್ಟರನ್ನು ಮೀನಿನ ಜೊತೆಗೇ ಕೊಳಕ್ಕೆ ಕಳಿಸಿ. ತೊಳೆಯಬೇಡಿ, ಹಾಗೇ ಹಾಕಿ. ಸಿಮೆಂಟಿನ ಹೊಸ ತೊಟ್ಟಿಯಾದರೆ ಸುಣ್ಣ ಬಿಟ್ಟುಕೊಳ್ಳುತ್ತಲೇ ಇರುತ್ತದೆ. ಹಲವು ಸಲ ನೀರು ತುಂಬಿ ಚೆಲ್ಲಿ, ಪಿಎಚ್ ಒಂದು ಕಡೆ ನಿಂತ ಮೇಲೆ ಮೀನು ಬಿಡಿ.

ಇಷ್ಟೆಲ್ಲಾ ತಾಪತ್ರಯ ಯಾಕೆ ಅಂತೀರಾ? ಮೀನು ಸೊಳ್ಳೆ ಮರಿ ಬೇಟೆಯಾಡುವುದನ್ನು ಒಮ್ಮೆ ನೋಡಿ. ವರ್ಷಗಟ್ಟಲೆ ಕಾಳು ತಿಂದು ಬೆಳೆದದ್ದು ಅದೇ ಮೀನಾ ಅನ್ನಿಸುತ್ತದೆ. ಮೈಬಣ್ಣವೂ ತುಂಬಿಕೊಳ್ಳುತ್ತದೆ.

ಒಂದು ಮಾತ್ರ ನಷ್ಟ. ಟ್ಯಾಂಕಿನಲ್ಲಿ ಮೀನಿನ ಪಕ್ಕ ಕಾಣುತ್ತದೆ, ಕೊಳದಲ್ಲಿ ಬರೀ ಬೆನ್ನು. ಆಸ್ಕರ್ ಬೆನ್ನು ಬೇರೆ ಕಪ್ಪು. ಹೊಟ್ಟೆ ಒಳಕ್ಕೆ ಹೋಗಿದೆಯಾ, ಮೈಮೇಲೆ ಬಿಳಿ ಚುಕ್ಕೆ ಎದ್ದಿದೆಯಾ ಅಂತ ತಿಳಿಯುವುದೇ ಇಲ್ಲ. ಊಟಕ್ಕೆ ಬರುತ್ತದಾ ಅನ್ನುವುದೊಂದೇ ಗುರುತು. ನನ್ನದು ಟ್ಯಾಂಕಿನಲ್ಲಿದ್ದಾಗ ನನ್ನ ನೆರಳು ಕಂಡರೆ ಗಾಜಿಗೆ ಬಂದು ಮೈ ಉಜ್ಜುತ್ತಿತ್ತು. ಕೊಳಕ್ಕೆ ಬಿಟ್ಟ ವಾರದಲ್ಲೇ ನನ್ನ ನೆರಳು ಬಿದ್ದರೆ ಕಲ್ಲಿನ ಸಂದಿಗೆ ಓಡತೊಡಗಿತು. ಬೇಜಾರಾಯಿತು. ಆಮೇಲೆ ಒಂದು ದಿನ ಕೊಳದ ಅಂಚಿನಲ್ಲಿ ಕೊಕ್ಕರೆ ನಿಂತಿದ್ದು ನೋಡಿದೆ, ಬೇಜಾರು ಹೋಯಿತು. ಓಡುವುದೇ ಸರಿ. ಮೇಲೊಂದು ಬಲೆ ಕಟ್ಟಿ. ಕೊಕ್ಕರೆ, ಮಿಂಚುಳ್ಳಿ, ಬೆಕ್ಕು ಮೂರೂ ದೂರ ಇರುತ್ತವೆ. ಆಸ್ಕರ್ ಜಿಗಿದು ಹೊರಗೆ ಬೀಳುವುದೂ ತಪ್ಪುತ್ತದೆ.

ಕೊಳದ ನೀರು ತುಂಬಿ ಹರಿದರೆ ಹಳ್ಳಕ್ಕೋ ಕೆರೆಗೋ ಸೇರುತ್ತದೆ ಅಂತಿದ್ದರೆ ನನ್ನ ಉತ್ತರ ‘ಬೇಡ’. ಇದರಲ್ಲಿ ಚೌಕಾಸಿ ಇಲ್ಲ. ಫ್ಲೋರಿಡಾದ ಕಾಲುವೆಗಳಲ್ಲಿ ಇವತ್ತು ಆಸ್ಕರ್ ಮನೆ ಮಾಡಿಕೊಂಡಿದೆ, ಅದು ಅಲ್ಲಿಯ ಮೀನೇ ಅಲ್ಲ. ಕಾನ್ವಿಕ್ಟ್ ಆದರೆ ಜೋಡಿಯನ್ನಂತೂ ಬಿಡಲೇಬೇಡಿ. ಬೇಸಿಗೆ ಮುಗಿಯುವುದರೊಳಗೆ ನೂರಾರು ಮರಿ ಮಾಡಿರುತ್ತವೆ. ಅಷ್ಟನ್ನು ಇಟ್ಟುಕೊಳ್ಳುವುದು ಎಲ್ಲಿ?

ಇನ್ನು ವಾಪಸ್ ತರುವುದು. ಇದನ್ನು ಯಾರೂ ಕೇಳುವುದೇ ಇಲ್ಲ, ಕಷ್ಟವೆಲ್ಲ ಇರುವುದು ಇಲ್ಲೇ. ಬೆಳಗಿನ ನೀರು ಮತ್ತೆ 22ಕ್ಕೆ ಇಳಿಯಲು ಶುರುವಾದ ವಾರವೇ ಹಿಡಿಯಿರಿ. ಇನ್ನೊಂದು ವಾರ ಇರಲಿ ಅಂತ ಆಸೆಪಡಬೇಡಿ. ತುಂಬಿದ ಕೊಳದಲ್ಲಿ ಬಲೆ ಹಿಡಿದು ಅಟ್ಟಿಸಿಕೊಂಡು ಹೋದರೆ ಗೆಲ್ಲುವುದು ಮೀನೇ. ನಾನು ಒಂದು ಮಧ್ಯಾಹ್ನ ಪೂರ್ತಿ ಸೋತಿದ್ದೇನೆ, ಮೊಣಕಾಲುದ್ದ ಕೆಸರು ಮೆತ್ತಿಕೊಂಡು. ಈಗ ಮೊದಲು ಕಲ್ಲು, ಕುಂಡ ಎಲ್ಲಾ ತೆಗೆಯುತ್ತೇನೆ. ಪೈಪ್ ಹಾಕಿ ನೀರನ್ನು ಒಂದಡಿಗೆ ಇಳಿಸುತ್ತೇನೆ. ಎರಡು ಬಲೆ ತಗೊಳ್ಳುತ್ತೇನೆ. ಒಂದು ಅಲುಗಾಡದೆ ಕಾಯುತ್ತದೆ, ಇನ್ನೊಂದು ಮೀನನ್ನು ಮೆಲ್ಲಗೆ ಅದರ ಕಡೆ ನೂಕುತ್ತದೆ.

ಹಿಡಿದ ಮೀನು ನೇರವಾಗಿ ಹಳೆಯ ಟ್ಯಾಂಕಿಗೆ ಹೋಗಬಾರದು. ಮೈಗೆ ದಾರದ ತುಂಡಿನ ಹಾಗೆ ನೇತಾಡುವ ಹುಳು, ಬೇಳೆಯ ಹಾಗೆ ಚಪ್ಪಟೆಯಾಗಿ ಅಂಟಿಕೊಂಡ ಮೀನು ಹೇನು, ಬಿಳಿ ಚುಕ್ಕೆ ರೋಗ, ಇವೆಲ್ಲ ಕೊಳದಿಂದ ಜೊತೆಗೆ ಬರುತ್ತವೆ. ಮೂರು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ ಇಟ್ಟು ನೋಡಿ.

ಆ ಬೇರೆ ಟ್ಯಾಂಕಿನಲ್ಲಿ ನನ್ನ ಆಸ್ಕರ್ ಮೊದಲ ದಿನ ಪಕ್ಕಕ್ಕೆ ವಾಲಿ ತಳದಲ್ಲಿ ಮಲಗಿಬಿಟ್ಟಿತು. ಸತ್ತೇ ಹೋಯಿತು ಅಂತ ಮನೆಯವರೆಲ್ಲ ಬಂದು ನೋಡಿದರು. ಆಸ್ಕರ್‌ಗೆ ಇದು ಹಳೇ ಚಾಳಿ, ಜಾಗ ಬದಲಾದರೆ ಮುನಿಸಿಕೊಳ್ಳುತ್ತದೆ. ಎರಡು ದಿನ ಅದರ ಕಡೆ ಯಾರೂ ಹೋಗಲಿಲ್ಲ. ಮೂರನೇ ದಿನ ಸಂಜೆ ನಾನು ಮುಚ್ಚಳ ಎತ್ತಿದೆ. ಒಂದು ಕಣ್ಣು ಮೇಲೆ ತಿರುಗಿತು. ಕಾಳು ಹಾಕಿದೆ. ಎದ್ದು ಬಂದು ನುಂಗಿ, ಮತ್ತೆ ಹೋಗಿ ಹಾಗೇ ವಾಲಿಕೊಂಡು ಮಲಗಿತು.