ಪತ್ತನಾಜೆಗೆ ಮುಂಚೆ ಮಾಡಿನ ಕಡೆ ಒಮ್ಮೆ ನೋಡಿ

ಪತ್ತನಾಜೆ ಎಂದರೆ ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆಂದು ಎಣಿಸುವ ದಿನ. ನಮ್ಮ ಪುತ್ತೂರಿನ ಕಡೆ ನಾನು ಕಂಡಂತೆ, ಮನೆಗಳ ಮಾಡು, ಅಂದರೆ ಛಾವಣಿ, ಹಾರಿಹೋಗುವುದು ಆಷಾಢದ ಜಡಿಮಳೆಗಿಂತ ಹೆಚ್ಚಾಗಿ ಅದಕ್ಕೂ ಮೊದಲಿನ ಗುಡುಗು ಗಾಳಿಗೆ. ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆ ಮೋಡ ಕಪ್ಪುಗಟ್ಟುತ್ತದೆ, ಸೆಕೆಗೆ ಜೀವ ಬೇಸತ್ತಿರುವಾಗ ತಂಪು ಗಾಳಿ ಒಮ್ಮೆಲೇ ನುಗ್ಗುತ್ತದೆ. ಹತ್ತು ನಿಮಿಷ ಬೀಸಿದರೆ ಸಾಕು. ಈ ಸಲ ಚಿಕ್ಕಮ್ಮನ ಮನೆಯ ತಾರಸಿಗೆ ಹಾಕಿಸಿದ್ದ ಶೀಟಿನ ಮಾಡು ಕಂಬಗಳ ಸಮೇತ ಕಿತ್ತುಕೊಂಡು ಅಡಿಕೆ ತೋಟಕ್ಕೆ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಆದರೆ ಮಕ್ಕಳು ಅಂಗಳದಲ್ಲಿ ಆಡುವ ಹೊತ್ತು ಅದು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಗಾಳಿ ಮಾಡನ್ನು ತಳ್ಳುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಮಾಡಿಗೆ ದೊಡ್ಡ ಅಪಾಯ ಇರುವುದು ಗಾಳಿ ಅದನ್ನು ಮೇಲಕ್ಕೆ ಸೆಳೆಯುವುದರಿಂದ. ಮೇಲ್ಮೈಯನ್ನು ಸವರಿಕೊಂಡು ವೇಗವಾಗಿ ಹೋಗುವ ಗಾಳಿ ಅಲ್ಲಿ ಒತ್ತಡವನ್ನು ಕುಗ್ಗಿಸುತ್ತದೆ, ಒಳಗಿನ ಗಾಳಿ ಕೆಳಗಿನಿಂದ ಒತ್ತುತ್ತದೆ. ಸೂರಿನ ಅಂಚು, ಮೂಲೆ, ನೆತ್ತಿಗಳಲ್ಲಿ ಈ ಸೆಳೆತ ಅತಿ ಹೆಚ್ಚು. ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಲೆಕ್ಕ ಹಾಕುವ ಐಎಸ್ 875 ಎಂಬ ಭಾರತೀಯ ಮಾನಕದ ಮೂರನೆಯ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಗಾಳಿವೇಗ ಹಿಡಿದಿದ್ದರೆ, ಮಂಗಳೂರಿಗೆ 39 ಮೀಟರ್ ಹಿಡಿದಿದ್ದಾರೆ. ಗಂಟೆಗೆ ಸುಮಾರು 140 ಕಿಲೋಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 90 ಕಿಲೋ ಭಾರಕ್ಕೆ ಸಮ. ತೆಳುವಾದ ಉಕ್ಕಿನ ಶೀಟು ಅಷ್ಟೇ ಜಾಗಕ್ಕೆ ನಾಲ್ಕೈದು ಕಿಲೋ ತೂಗುತ್ತದೆ. ಅಂದರೆ ಶೀಟಿನ ಮಾಡನ್ನು ಅದರ ಭಾರ ಕಾಪಾಡುವುದಿಲ್ಲ, ಸ್ಕ್ರೂ ಮತ್ತು ಬೋಲ್ಟುಗಳೇ ಕಾಪಾಡಬೇಕು.

ಚಿಕ್ಕಮ್ಮನ ಮನೆಯಲ್ಲಿ ಶೀಟು, ಸ್ಕ್ರೂ, ಪೈಪುಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಕಂಬಗಳ ಬುಡವನ್ನು ಮಾತ್ರ ತಾರಸಿಯ ಸುತ್ತಲಿನ ಮೋಟುಗೋಡೆಗೆ ಬೋಲ್ಟು ಹಾಕಿ ನಿಲ್ಲಿಸಿದ್ದರು. ಆ ಗೋಡೆ ಕೆಂಪು ಕಲ್ಲಿನದು. ಗಾಳಿ ಎತ್ತಿದಾಗ ಕಲ್ಲಿನ ಚೂರುಗಳನ್ನು ಕಚ್ಚಿಕೊಂಡೇ ಬೋಲ್ಟುಗಳು ಮೇಲೆದ್ದಿವೆ. ತೋಟದಲ್ಲಿ ಬಿದ್ದಿದ್ದ ಬುಡದ ತಗಡಿಗೆ ಮುಷ್ಟಿಗಾತ್ರದ ಕೆಂಪು ಕಲ್ಲು ಇನ್ನೂ ಅಂಟಿಕೊಂಡಿತ್ತು. ನಾಲ್ಕೂ ಬದಿ ತೆರೆದಿರುವ ಇಂಥ ಮಾಡಿಗೆ ಕೆಳಗಿನಿಂದಲೂ ಗಾಳಿ ಹೊಕ್ಕು ಎತ್ತುತ್ತದೆ. ಕಂಬದ ಬುಡ ಕಾಂಕ್ರೀಟಿನ ತೊಲೆಗೋ ಪಿಲ್ಲರಿಗೋ ಕಚ್ಚಿರಬೇಕು. ಮಾಡು ಹಾಕಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಬಣ್ಣ ಯಾವುದು, ಶೀಟು ಎಷ್ಟು ಗೇಜಿನದು ಎಂಬುದೆಲ್ಲ ಆಮೇಲೆ.

ಹಳೆಯ ಶೀಟಿನ ಮಾಡಿದ್ದರೆ ಸ್ಕ್ರೂವಿನ ತಲೆಯ ಕೆಳಗಿನ ರಬ್ಬರ್ ವಾಷರನ್ನು ಹತ್ತಿರದಿಂದ ನೋಡಿ. ಬಿಸಿಲಿಗೆ ಬೆಂದು ಸೀಳಿದ್ದರೆ ನೀರು ಇಳಿದು ಸ್ಕ್ರೂ ಒಳಗಿಂದೊಳಗೆ ತುಕ್ಕು ಹಿಡಿಯುತ್ತದೆ. ತೂತು ದುಂಡಗಿರುವ ಬದಲು ಉದ್ದುದ್ದ ಆಗಿದ್ದರೆ ಶೀಟು ಗಾಳಿಗೆ ಅಲುಗಾಡುತ್ತಿದೆ ಎಂದೇ ಅರ್ಥ. ರಾತ್ರಿ ಗಾಳಿಯಲ್ಲಿ ಪಟಪಟ ಸದ್ದು ಕೇಳಿದರೂ ಅಷ್ಟೇ, ಅದನ್ನು ಅಸಡ್ಡೆ ಮಾಡಬೇಡಿ. ಅಂಚಿನ ಸಾಲಿನಲ್ಲಿ ಶೀಟಿನ ಪ್ರತಿ ಉಬ್ಬುಗೆರೆಗೂ ಒಂದು ಸ್ಕ್ರೂ ಇರಲಿ. ನಡುವಿನ ಸಾಲುಗಳಲ್ಲಿ ಮಾಡುವ ಉಳಿತಾಯವನ್ನು ಅಂಚಿನಲ್ಲಿ ಮಾಡಬೇಡಿ.

ಹೆಂಚಿನ ಮಾಡಿನ ವಿಷಯ ಬೇರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಈ ಹೆಂಚು ನಮ್ಮ ಮಳೆಯನ್ನು ತಡೆದುಕೊಂಡು ಬಂದಿದೆ, ನನಗೆ ಅದರ ಮೇಲೆ ಪ್ರೀತಿಯೂ ಗೌರವವೂ ಇದೆ. ಒಂದೊಂದೂ ಎರಡು ಮೂರು ಕಿಲೋ ತೂಗುತ್ತದೆ, ರೀಪಿಗೆ, ಅಂದರೆ ಹೆಂಚನ್ನು ಹೊರುವ ಅಡ್ಡಪಟ್ಟಿಗೆ, ಕಚ್ಚಿ ಕೂರುತ್ತದೆ. ಆದರೆ ಜೋರು ಗಾಳಿಗೆ ಸೂರಿನ ಸಾಲಿನಿಂದ ಒಂದು ಹೆಂಚು ಎದ್ದಿತೆಂದರೆ ಅದು ಹಿಡಿದಿದ್ದ ಪಕ್ಕದ ಹೆಂಚುಗಳೂ ಸಡಿಲವಾಗುತ್ತವೆ. ಹಾಗಾಗಿ ಸೂರಿನ ಮೊದಲೆರಡು ಸಾಲು, ಬದಿಯ ಅಂಚಿನ ಹೆಂಚುಗಳನ್ನು ತಾಮ್ರದ ಅಥವಾ ಸತು ಲೇಪಿಸಿದ ತಂತಿಯಲ್ಲಿ ರೀಪಿಗೆ ಬಿಗಿಸುವುದು ಒಳ್ಳೆಯದು. ಹಲವು ಹೆಂಚುಗಳ ಅಡಿಯಲ್ಲಿ ಇದಕ್ಕೆಂದೇ ಸಣ್ಣ ತೂತಿರುತ್ತದೆ.

ಪರೀಕ್ಷೆಗೆ ಮಾಡು ಹತ್ತಬೇಕಾಗಿಲ್ಲ. ಹಾವಸೆ ಕಟ್ಟಿದ ಹೆಂಚಿನ ಮೇಲೆ ಕಾಲಿಟ್ಟು ಸೊಂಟ ಮುರಿದುಕೊಂಡವರು ನಮ್ಮೂರಲ್ಲೇ ಇದ್ದಾರೆ. ಬೆಳಗಿನ ಎಳೆಬಿಸಿಲಿನಲ್ಲಿ ಅಂಗಳದಲ್ಲಿ ನಿಂತು ನೋಡಿ: ಸಾಲು ಎಲ್ಲಿ ಸೊಟ್ಟಗಾಗಿದೆ, ಎಲ್ಲಿ ಹೆಂಚು ಬೆರಳಗಲ ಜಾರಿದೆ ಎಂಬುದನ್ನು ಓರೆ ಬೆಳಕು ತೋರಿಸಿಕೊಡುತ್ತದೆ. ಮೊಬೈಲಿನ ಕ್ಯಾಮೆರಾದಲ್ಲಿ ಹತ್ತಿರಕ್ಕೆ ತಂದರೆ ನೆತ್ತಿಯ ಗಾರೆಯ ಬಿರುಕೂ ಕಾಣುತ್ತದೆ. ಮಧ್ಯಾಹ್ನ ಅಟ್ಟಕ್ಕೆ ಹೋಗಿ ದೀಪ ಆರಿಸಿ ನಿಲ್ಲಿ. ಹೊಸದಾಗಿ ಎಲ್ಲಿಂದಲೋ ಬಿಸಿಲಕೋಲು ಬೀಳುತ್ತಿದ್ದರೆ, ಪಕ್ಕಾಸಿನ (ರೀಪುಗಳನ್ನು ಹೊರುವ ಇಳಿಜಾರು ಮರದ) ಮೇಲೆ ನೀರಿಳಿದ ಕಪ್ಪು ಗೀರು ಇದ್ದರೆ, ಆ ಜಾಗಕ್ಕೆ ಸುಣ್ಣದ ಗುರುತು ಹಾಕಿ. ಪಕ್ಕಾಸಿನ ತುದಿ ಗೋಡೆಯ ಮೇಲೆ ಕೂರುವಲ್ಲಿ ಗೆದ್ದಲು ಇದೆಯೇ ಎಂದು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಅಲ್ಲಿ ಮರ ಟೊಳ್ಳಾಗಿದ್ದರೆ ತಂತಿ ಕಟ್ಟಿ ಪ್ರಯೋಜನವಿಲ್ಲ.

ಗಾಳಿ ಬಂದಾಗ ಕಿಟಕಿ ತೆರೆದಿಟ್ಟರೆ ಒತ್ತಡ ಹೊರಗೆ ಹೋಗುತ್ತದೆ ಎಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಬರುವ ಕಡೆಯ ಬಾಗಿಲು ತೆರೆದಿದ್ದರೆ ಅದು ಒಳಹೊಕ್ಕು ಮಾಡನ್ನು ಕೆಳಗಿನಿಂದಲೇ ಎತ್ತುತ್ತದೆ. ಎಲ್ಲ ಮುಚ್ಚಿ, ಮನೆಯ ನಡುವಿನ ಕೋಣೆಯಲ್ಲಿ ಕುಳಿತಿರಿ. ಮಾಡಿಗೆ ವಾಲಿದ ತೆಂಗಿನ ಒಣ ಮಡಲು, ಹಲಸಿನ ಒಣಕೊಂಬೆಗಳನ್ನು ಮೊದಲೇ ತೆಗೆಸಿರಿ.

ಹಾನಿ ಆಗಿಯೇ ಬಿಟ್ಟರೆ ಚೂರುಗಳನ್ನು ಗುಡಿಸುವ ಮೊದಲು ನಾಲ್ಕು ದಿಕ್ಕಿನಿಂದ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ, ಗಡಿಬಿಡಿಯಲ್ಲಿ ಎಲ್ಲ ಸರಿಮಾಡಿಸಿಕೊಂಡ ನಮ್ಮ ನೆರೆಯವರ ಬಳಿ ಆಮೇಲೆ ಪರಿಹಾರ ಕೇಳುವಾಗ ತೋರಿಸಲು ಏನೂ ಉಳಿದಿರಲಿಲ್ಲ.

ಪತ್ತನಾಜೆ ಬರುವುದು ಮೇ 24ರ ಆಸುಪಾಸಿನಲ್ಲಿ. ಆ ಹೊತ್ತಿಗೆ ಆಚಾರಿಯವರನ್ನು ಹಿಡಿಯುವುದೇ ಕಷ್ಟ, ಎಲ್ಲರ ಮನೆಯ ಮಾಡೂ ಆಗಲೇ ನೆನಪಾಗುತ್ತದೆ. ನಾನು ಮುಂದಿನ ವರ್ಷಕ್ಕೆ ಏಪ್ರಿಲ್ ನಡುವಿನ ವಿಷು ಹಬ್ಬದ ಮರುವಾರವೇ ಬರಲು ಹೇಳಿಟ್ಟಿದ್ದೇನೆ. ಚಿಕ್ಕಮ್ಮನ ಮನೆಗೂ ಅವರೇ ಹೋಗುತ್ತಾರೆ.